ಉಮ್ಮತ್ತಿಯ ಸತ್ವ ಮತ್ತು ನನ್ನ ಎಡಗಣ್ಣು

ನಮ್ಮ ಚಿತ್ರದುರ್ಗದಲ್ಲಿ ಉಮ್ಮತ್ತಿ ಗಿಡವನ್ನು ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಆದರೂ ತಿಪ್ಪೆಯ ಪಕ್ಕ, ಪಾಳುಗೋಡೆಯ ಬುಡ, ಎಲ್ಲಿ ನೋಡಿದರೂ ಅದೇ. ಜನ ಅದನ್ನು ಕಂಡು ಮಕ್ಕಳ ಕೈಹಿಡಿದು ದೂರ ಸರಿಯುತ್ತಾರೆ. ನಾನೊಬ್ಬ ಮಾತ್ರ ಹತ್ತಿರ ಹೋದೆ. ಏಕೆಂದರೆ ನಾನು ರಸಾಯನಶಾಸ್ತ್ರದ ಮೇಷ್ಟ್ರು!

ಎಪ್ಪತ್ತರ ದಶಕದ ಮಾತು. ಊರಿನ ಒಂದು ಕಾಲೇಜಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಔಷಧಿ ಗಿಡಗಳಿಂದ ಸತ್ವವನ್ನು ಬೇರ್ಪಡಿಸಿ, ಅದು ಜೀವಿಗಳ ಮೇಲೆ ಏನು ಪರಿಣಾಮ ಮಾಡುತ್ತದೆಂದು ತೋರಿಸಿ, ಹೆಸರಿನ ಹಿಂದೆ ಡಾಕ್ಟರ್ ಎಂದು ಹಚ್ಚಿಕೊಳ್ಳಬೇಕೆಂಬುದು ನನ್ನ ಹಂಬಲ. ಉಮ್ಮತ್ತಿಯಲ್ಲಿ ಅಟ್ರೋಪಿನ್ ಎಂಬ ಸತ್ವ ಇದೆ, ಅದು ಒಂದು ಹನಿ ಕಣ್ಣಿಗೆ ಬಿದ್ದರೂ ಪಾಪೆ, ಅಂದರೆ ನಡುವಿನ ಕಪ್ಪು ಬೊಟ್ಟು, ಅಗಲವಾಗುತ್ತದೆ ಎಂಬುದು ಪ್ರಪಂಚಕ್ಕೆಲ್ಲ ಗೊತ್ತಿದ್ದ ಸಂಗತಿ. ಆದರೆ ದುರ್ಗದ ಉಮ್ಮತ್ತಿಯನ್ನು ಯಾರು ಪರೀಕ್ಷೆ ಮಾಡಿದ್ದರು? ಆ ಮಹಾಕಾರ್ಯ ನನಗಾಗಿಯೇ ಕಾದಿತ್ತು.

ರಜೆಯಲ್ಲಿ ಎಲೆಗಳನ್ನು ನೆರಳಲ್ಲಿ ಒಣಗಿಸಿದೆ. ಪುಡಿಮಾಡಿ ಸ್ಪಿರಿಟ್‌ನಲ್ಲಿ ನೆನೆಸಿದೆ, ಸೋಸಿದೆ, ಆಮ್ಲ ಹಾಕಿದೆ, ಕ್ಷಾರ ಹಾಕಿದೆ, ಕ್ಲೋರೋಫಾರಂ ಜೊತೆ ಕುಲುಕಿದೆ. ಇಷ್ಟೆಲ್ಲ ಆದಮೇಲೆ ಗಾಜಿನ ಬಟ್ಟಲಿನ ತಳದಲ್ಲಿ ಉಳಿದದ್ದು ಉಗುರಿಗೆ ಮೆತ್ತುವಷ್ಟು ಕಂದು ಅಂಟು! ಅದನ್ನೇ ಕರಗಿಸಿ, ಪುಟ್ಟ ಶೀಶೆಗೆ ತುಂಬಿ, ತೊಟ್ಟಿಲ ಕೂಸನ್ನು ತರುವಂತೆ ಮನೆಗೆ ತಂದೆ.

ಹಿತ್ತಲಲ್ಲಿ ಕುರಿಮರಿಯೊಂದು ಕಟ್ಟಿತ್ತು. ನನ್ನ ಹೆಂಡತಿ ರತ್ನಳ ತವರು ಹಿರೇಗುಂಟನೂರು, ಕುರಿ ಸಾಕುವ ಮನೆತನ. ಅವಳ ತಮ್ಮ ಕರಿಯಪ್ಪ ಆ ಮರಿಯನ್ನು ಪೇಟೆಯ ಯಾರಿಗೋ ಕೊಡಲು ತಂದಿದ್ದ. ನನಗೆ ದೇವರೇ ಕಳಿಸಿದಂತಾಯಿತು.

"ಕರಿಯಪ್ಪ, ಮರಿ ಕಣ್ಣಿಗೆ ಒಂದು ಹನಿ ಔಷಧಿ ಬಿಡ್ಲಾ?"

"ಯಾಕ್ ಭಾವ, ಅದರ ಕಣ್ಣಿಗೇನಾಗೈತೆ?"

"ಏನೂ ಆಗಿಲ್ಲ. ಏನಾದ್ರೂ ಆಗುತ್ತಾ ಅಂತ ನೋಡ್ಬೇಕು."

"ಆದ್ರೆ?"

"ಆದ್ರೆ ನನಗೆ ಡಾಕ್ಟರೇಟ್ ಬರುತ್ತೆ."

"ಮರಿಗೆ?"

ನಾನು ಶೀಶೆಯ ಬಿರಡೆ ತೆಗೆದೆ. ಅಕ್ಕನ ಗಂಡನೆಂಬ ದಾಕ್ಷಿಣ್ಯಕ್ಕೆ ಅವನು ಮರಿಯ ಕೊರಳು ಹಿಡಿದ. ನಾನು ಗಾಜಿನ ಕೊಳವೆಯಲ್ಲಿ ಹನಿ ಬಿಟ್ಟೆ. ಮರಿ ಒಮ್ಮೆ ತಲೆ ಕೊಡವಿತು! ನನ್ನ ಮುಖಕ್ಕೆಲ್ಲ ಸಿಡಿಯಿತು. ಅಂಗೈಯಿಂದ ಒರೆಸಿಕೊಂಡು, ಮರಿಯ ಮುಂದೆ ಮಣೆ ಹಾಕಿಕೊಂಡು ಕುಳಿತೆ.

ಊಟದ ಹೊತ್ತಾದರೂ ಮರಿಯ ಕಣ್ಣು ಇದ್ದಂತೆಯೇ ಇತ್ತು. ದುರ್ಗದ ಉಮ್ಮತ್ತಿಯಲ್ಲಿ ಸತ್ವವಿಲ್ಲ ಎಂದು ತೀರ್ಮಾನ ಮಾಡಿ ಶೀಶೆಯನ್ನು ಬಚ್ಚಲಿಗೆ ಸುರಿದೆ. ಅನ್ನದ ಅಗುಳು ಮಸುಕಾಗಿ ಕಂಡಿತು. ಅದು ಸೋಲಿನ ಕಣ್ಣೀರು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಗಡ್ಡ ಹೆರೆಯಲು ಕನ್ನಡಿ ಹಿಡಿದೆ. ಕನ್ನಡಿಯಲ್ಲಿ ಬೇರೆ ಯಾರೋ ಇದ್ದರು! ಬಲಗಣ್ಣು ನನ್ನದೇ. ಎಡಗಣ್ಣು ಮಾತ್ರ ಬಾವಿಯ ಹಾಗೆ ಕಪ್ಪಗೆ ಬಾಯಿ ತೆರೆದಿತ್ತು. ಬಿಸಿಲಿಗೆ ಹಿಡಿದೆ, ಕಪ್ಪು ಕಿರಿದಾಗಲಿಲ್ಲ, ಕಣ್ಣಿಗೆ ಸೂಜಿ ಚುಚ್ಚಿದಂತಾಯಿತು. ಕತ್ತಿ ಜಾರಿ ಕೆನ್ನೆ ಕೊಯ್ದುಕೊಂಡೆ. ಆ ರಕ್ತ ನೋಡಿ ರತ್ನ ಕೂಗಿದಳು. ಕಣ್ಣು ನೋಡಿದ ಮೇಲೆ ಅವಳ ಕೂಗೂ ನಿಂತುಹೋಯಿತು.

ಕರಿಯಪ್ಪ ಹತ್ತಿರ ಬಂದು ಬಗ್ಗಿ ನೋಡಿದ. "ನಮ್ಮ ಹಟ್ಟಿಯಾಗೆ ಒಂದು ಟಗರಿಗೆ ಹಿಂಗೇ ಆಗಿತ್ತು ಭಾವ."

"ಆಮೇಲೆ?"

ಅವನು ಮೇಲೆ ಸೂರು ನೋಡಿದ.

ಹತ್ತಿರದ ಡಾಕ್ಟರ ಬಳಿಗೆ ಓಡಿದೆವು. ನಗುನಗುತ್ತಾ ಬರಮಾಡಿಕೊಂಡ ಅವರು ಎಡಗಣ್ಣಿಗೆ ಟಾರ್ಚ್ ಬಿಟ್ಟರು. ನಗು ಮಾಯವಾಯಿತು. ಇನ್ನೊಮ್ಮೆ ಬಿಟ್ಟರು.

"ತಲೆಗೆ ಪೆಟ್ಟು ಬಿದ್ದಿತ್ತಾ?"

"ಇಲ್ಲ ಸಾರ್."

"ತಲೆನೋವು ಐತಾ?"

ಅಲ್ಲಿಯವರೆಗೆ ಇರಲಿಲ್ಲ. ಅವರು ಕೇಳಿದ ಕ್ಷಣದಿಂದ ಶುರುವಾಯಿತು!

"ಹೆದರ್ಕೋಬೇಡ್ರಿ ಮೇಷ್ಟ್ರೆ," ಎಂದರು ಡಾಕ್ಟರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. "ಮಿದುಳಿನೊಳಗೆ ಏನಾದ್ರೂ ಒತ್ತಿದ್ರೆ ಒಂದೇ ಪಾಪೆ ಹಿಂಗೆ ಅಗಲ ಆಗುತ್ತೆ. ಈಗಿಂದೀಗಲೇ ದಾವಣಗೆರೆಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸ್ರಿ. ಅವರು ಹೇಳಿದ್ರೆ ಬೆಂಗಳೂರು. ತಡ ಮಾಡಬ್ಯಾಡ್ರಿ."

ಕರಿಯಪ್ಪ ಹಿರೇಗುಂಟನೂರಿಗೆ ಸುದ್ದಿ ಮುಟ್ಟಿಸಲು ಹೊರಟ. ನಾವಿಬ್ಬರು ಬಸ್ ಹತ್ತಿದೆವು. ಭರಮಸಾಗರ ದಾಟಿತು. ಕಿಟಕಿಯಾಚೆ ಜೋಳದ ಹೊಲಗಳು ಬಿಳಿ ಬೆಂಕಿಯಂತೆ ಉರಿಯುತ್ತಿದ್ದವು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಇವಳನ್ನು ಹೀಗೆ ಬಿಟ್ಟುಹೋಗುವುದಾ ಎಂದುಕೊಂಡೆ.

"ರತ್ನ, ನನಗೇನಾದ್ರೂ ಆದ್ರೆ ನೀನು ತವರಿನಲ್ಲಿ ಕೂರಬೇಡ. ಟೀಚರ್ ಟ್ರೈನಿಂಗ್ ಸೇರ್ಕೋ."

"ಆಗ್ಲಿ ರೀ," ಎಂದಳು. ಸೆರಗಿನಿಂದ ನನ್ನ ಕಣ್ಣಿಗೆ ನೆರಳು ಹಿಡಿದಳು.

ಮದುವೆಯಾದ ಲಾಗಾಯ್ತು ಅವಳು ನನ್ನ ಒಂದು ಮಾತನ್ನೂ ಎದುರಾಡದೆ ಒಪ್ಪಿದವಳಲ್ಲ. ಆಗ ನನಗೆ ಖಾತ್ರಿಯಾಯಿತು. ನಾನು ಉಳಿಯುವುದಿಲ್ಲ!

ದಾವಣಗೆರೆಯ ಕಣ್ಣಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಎಡಗಣ್ಣಿಗೆ ಏನೋ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ನಾನು ಗೊತ್ತಿದ್ದ ದೇವರುಗಳನ್ನೆಲ್ಲ ಮುಗಿಸಿ, ಗೊತ್ತಿಲ್ಲದವರನ್ನು ಶುರುಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಬಂದು ಮತ್ತೆ ನೋಡಿದರು.

"ವಿಚಿತ್ರ. ನರಕ್ಕೆ ತೊಂದರೆ ಆಗಿದ್ರೆ ಈ ಹನಿಗೆ ಪಾಪೆ ಚಿಕ್ಕದಾಗಬೇಕಿತ್ತು. ಒಂಚೂರೂ ಜಗ್ಗಿಲ್ಲ. ಏನ್ ಕೆಲಸ ನಿಮ್ದು?"

"ಕೆಮಿಸ್ಟ್ರಿ ಲೆಕ್ಚರರ್ ಸಾರ್."

"ಇತ್ತೀಚೆಗೆ ಉಮ್ಮತ್ತಿ ಏನಾದ್ರೂ ಮುಟ್ಟಿದ್ರಾ?"

"ಮುಟ್ಟಿದ್ದೆ ಸಾರ್. ಆದರೆ ಅದರಿಂದಲ್ಲ," ಎಂದೆ, ಸಾಯುವಾಗಲೂ ವಿಜ್ಞಾನಕ್ಕೆ ಅಪಚಾರ ಆಗಬಾರದೆಂದು. "ನಾನೇ ಸತ್ವ ತೆಗೆದು ಕುರಿಮರಿ ಮೇಲೆ ಪ್ರಯೋಗ ಮಾಡಿದ್ದೇನೆ. ದುರ್ಗದ ಉಮ್ಮತ್ತಿಗೆ ಶಕ್ತಿ ಇಲ್ಲ. ಮರಿಗೆ ಏನೂ ಆಗಲಿಲ್ಲ."

ಡಾಕ್ಟರು ನನ್ನನ್ನೇ ದಿಟ್ಟಿಸಿದರು. "ಹನಿ ಮರಿ ಕಣ್ಣಿಗೆ ಬಿತ್ತಾ?"

ನಾನು ಬಾಯಿ ತೆರೆದೆ. ಮರಿ ತಲೆ ಕೊಡವಿದ್ದು ನೆನಪಾಯಿತು. "ನನ್ನ ಮುಖಕ್ಕೆ ಸಿಡಿಯಿತು ಸಾರ್," ಎಂದೆ.

ಅವರು ನಗಲು ಶುರುಮಾಡಿದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಳ್ಳೆ ಸತ್ವ ತೆಗೆದೀರಿ ಮೇಷ್ಟ್ರೆ! ತಾನಾಗಿಯೇ ಇಳಿಯುತ್ತೆ. ಸುಮಾರು ದಿನ ಹಿಡಿದೀತು. ಹೊಟ್ಟೆಗೆ ಹೋಗಿದ್ರೆ ಮಾತ್ರ ನಗೋ ಹಾಗಿರಲಿಲ್ಲ, ನೆನಪಿರಲಿ."

ಹೊರಗೆ ಬಂದ ರತ್ನ ಗೋಡೆಗೆ ಒರಗಿ ಒಮ್ಮೆ ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ನನ್ನನ್ನು ಬೈದಳು. ಅಷ್ಟು ಇಂಪಾದ ಬೈಗುಳ ನಾನು ಎಂದೂ ಕೇಳಿರಲಿಲ್ಲ.

ಸಂಜೆ ಮನೆ ತಲುಪಿದರೆ ಅಂಗಳದ ತುಂಬ ಜನ! ಹಿರೇಗುಂಟನೂರಿನಿಂದ ಕಂಬಳಿ ಹೊದ್ದು ಅರ್ಧ ಊರೇ ಬಂದು ಕೂತಿತ್ತು. ನನ್ನನ್ನು ಕಂಡ ಕೂಡಲೇ ಹೆಂಗಸರು ಅಳಲು ಶುರುಮಾಡಿದರು. ನಾನು ಎಡಗಣ್ಣು ಮುಚ್ಚಿಕೊಂಡು, ಸಂಶೋಧಕನಿಗೆ ತಕ್ಕ ಗಾಂಭೀರ್ಯದಿಂದ, ಆಲ್ಕಲಾಯ್ಡ್‌ಗಳ ಪರಿಣಾಮವನ್ನು ವಿವರಿಸಲು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ರತ್ನಳ ಅಜ್ಜಿ ಅವಳ ಕೈಹಿಡಿದು ಕೇಳಿದಳು: "ಏನಂದ್ರೇ ಡಾಕ್ಟ್ರು? ತಲೆಯೊಳಗೆ ಏನೋ ಐತೆ ಅಂದಿದ್ರಂತಲ್ಲ?"

"ಗಾಬರಿ ಆಗ್ಬ್ಯಾಡ ಅಜ್ಜಿ," ಎಂದಳು ರತ್ನ, ಎಲ್ಲರಿಗೂ ಕೇಳುವ ಹಾಗೆ. "ಚೆನ್ನಾಗಿ ನೋಡಿದ್ರು. ಇವರ ತಲೆಯೊಳಗೆ ಏನೂ ಇಲ್ವಂತೆ!"