ಕೊಪ್ಪರಿಗೆಯಲ್ಲಿ ಈಜು ಶಿಬಿರ

ನಮ್ಮ ಹಿತ್ತಲು ದಾಟಿದರೆ ನಾಲೆ. ಮೂರು ವರ್ಷದ ಮಗಳು ಚಿನ್ನಿಗೆ ಆ ನಾಲೆಯೆಂದರೆ ಪ್ರಾಣ. ಚಪ್ಪಲಿ ಎಸೆದು, ತೇಲಿ ಹೋಗುವ ಅದಕ್ಕೆ ಟಾಟಾ ಮಾಡುತ್ತಿದ್ದಳು. ಒಂದು ದಿನ ಚಪ್ಪಲಿಯ ಹಿಂದೆಯೇ ಇಳಿಯಹೊರಟವಳನ್ನು ನನ್ನ ಹೆಂಡತಿ ಸವಿತಾ ಫ್ರಾಕು ಹಿಡಿದು ಎಳೆದುಕೊಂಡಳು. ಅವತ್ತಿನಿಂದ ಸವಿತಾಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

"ಹಿತ್ಲಿಗೊಂದು ಗೇಟ್ ಆಕ್ಸಿ ಅಂತ ಎಷ್ಟು ಬಡ್ಕಳಾದು?" ಎಂದಳು.

"ಗೇಟಲ್ಲಿ ಏನೈತೆ? ಮಗೀಗೆ ವಿದ್ಯೆ ಕಲಿಸ್ಬೇಕು ಕಣೆ."

ಮೊಬೈಲಿನಲ್ಲಿ ನೋಡಿದ್ದೆ. ಪುಟಾಣಿ ಮಕ್ಕಳು ನೀರಿಗೆ ಬಿದ್ದೊಡನೆ ಅಂಗಾತ ತಿರುಗಿ, ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಇಷ್ಟೇ ತಾನೆ! ನನಗೇ ಈಜು ಬಾರದು ಎಂಬ ಸಣ್ಣ ಸಂಗತಿಯನ್ನು ನಾನು ಪರಿಗಣಿಸಲಿಲ್ಲ.

ಈಜುಕೊಳ ಹುಡುಕಿಕೊಂಡು ಮಂಡ್ಯಕ್ಕೆ ಹೋಗುವುದೇಕೆ? ನಮ್ಮ ಮುಚ್ಚಿದ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಹಳೆಯ ಕೊಪ್ಪರಿಗೆ ಬಿದ್ದಿತ್ತು. ಆಳು ಕೈಕಾಲು ಚಾಚಿ ಮಲಗುವಷ್ಟು ಅಗಲ, ಮೊಣಕಾಲಿನಷ್ಟು ಆಳ. ಅಂಗಳಕ್ಕೆ ತರಿಸಿ, ತಳ ಗುಂಡಗಿದ್ದುದರಿಂದ ಸುತ್ತ ಇಟ್ಟಿಗೆ ಒತ್ತುಕೊಟ್ಟು, ಪೈಪಿನಲ್ಲಿ ನೀರು ತುಂಬಿಸಿದೆ.

ಪಕ್ಕದ ಮನೆಯ ಬೋರಣ್ಣ ಇಣುಕಿದ. "ಏನ್ಲಾ, ಅಂಗಳದಲ್ಲೇ ಬೆಲ್ಲ ಕಾಯಿಸೀಯಾ?"

"ಇಲ್ಲ ಕಣಣ್ಣ, ಜೀವರಕ್ಷಣಾ ಶಿಬಿರ."

"ಯಾರ್ ಜೀವ್ಲಾ?"

ಅಸೂಯೆ ಎಂದುಕೊಂಡೆ. ಚಿನ್ನಿಯನ್ನು ಸವಿತಾಳ ಸೊಂಟದ ಮೇಲೆ ಕೂರಿಸಿ, "ಪ್ರಥಮತಃ ತರಬೇತುದಾರರಿಂದ ಪ್ರಾತ್ಯಕ್ಷಿಕೆ" ಎಂದು ಘೋಷಿಸಿದೆ. ಲುಂಗಿ ಎತ್ತಿಕಟ್ಟಿ ಇಳಿದು ಅಂಗಾತ ಮಲಗಿದೆ. ಹೊಟ್ಟೆ ಮೇಲೆ ಬರಲಿಲ್ಲ. ಕಾಲು ಬಂತು! ತಲೆ ಜಾರಿ ತಳ ಸೇರಿತು. ಮೊಣಕಾಲುದ್ದದ ನೀರಿನಲ್ಲಿ ನನಗೆ ಕುಲದೇವರು ನೆನಪಾದರು.

"ಒಟ್ಟೆ ಮ್ಯಾಕ್ ಮಾಡಪ್ಪಾ," ಎಂದು ಚಿನ್ನಿ ಸಲಹೆ ಕೊಡುತ್ತಿದ್ದಳು.

ಕೈಗೆ ಸಿಕ್ಕಿದ ಅಂಚನ್ನು ಹಿಡಿದು ಜಗ್ಗಿದೆ. ಇಟ್ಟಿಗೆ ಸರಿಯಿತು, ಕೊಪ್ಪರಿಗೆ ವಾಲಿತು, ನೀರೂ ನಾನೂ ಜೊತೆಯಾಗಿ ತಗ್ಗಿನಲ್ಲಿದ್ದ ಬೋರಣ್ಣನ ಅಂಗಳಕ್ಕೆ ದಯಮಾಡಿಸಿದೆವು. ಅಲ್ಲಿ ಅವನ ಹೆಂಡತಿ ಸಂಡಿಗೆ ಒಣಹಾಕಿದ್ದಳು. ತೇಲುವ ವಿದ್ಯೆಯನ್ನು ಅವತ್ತು ಚೆನ್ನಾಗಿ ತೋರಿಸಿದ್ದು ಆ ಸಂಡಿಗೆಯೇ.

ನನ್ನ ಬೆನ್ನಿಗಂಟಿದ್ದ ಸಂಡಿಗೆ ಬಿಡಿಸುತ್ತಾ ಸವಿತಾ ಹೇಳಿದಳು: "ನಾನ್ ಕಲಿಸ್ತೀನಿ ಬುಡಿ. ನೀವು ಮೊದ್ಲು ಗೇಟ್ ಆಕ್ಸಿ."

"ನಿಂಗೆ ಈಜು ಬತ್ತದಾ?"

"ಮಳವಳ್ಳಿ ಕಡೆ ಕೆರೆ ಏರಿ ಮ್ಯಾಲೆ ಬೆಳೆದೋಳು ನಾನು. ಮದ್ವೆ ಆದಾಗಿಂದ ಒಂದಿನಾರ ಕೇಳಿದ್ರಾ?"

ಕೇಳಿರಲಿಲ್ಲ. ಮಾರನೆಯ ದಿನವೇ ಗೇಟು ಬಂತು. ಚಿನ್ನಿಯ ಕೈಗೆಟುಕದಷ್ಟು ಎತ್ತರದಲ್ಲಿ ಚಿಲಕವೂ ಬಂತು. ಈಗ ಕೊಪ್ಪರಿಗೆಯಲ್ಲಿ ಸವಿತಾ ಬೆನ್ನಡಿ ಅಂಗೈ ಇಟ್ಟರೆ ಸಾಕು, ಚಿನ್ನಿ ಆಕಾಶ ನೋಡುತ್ತಾ ಹಾಯಾಗಿ ತೇಲುತ್ತಾಳೆ. ಸವಿತಾ ಹೊಟ್ಟೆತುಂಬ ಉಣ್ಣುತ್ತಾಳೆ. ಟವೆಲ್ ಹಿಡಿದು ದೂರ ನಿಲ್ಲುವ ಜವಾಬ್ದಾರಿಯುತ ಹುದ್ದೆ ನನ್ನದು.

ನಿನ್ನೆ ಗದ್ದೆಗೆ ಹೋಗಲೆಂದು ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಚಿನ್ನಿ ಓಡಿಬಂದು ನನ್ನ ಲುಂಗಿ ಹಿಡಿದು ನಿಂತಳು.

"ಅವ್ವಾ, ಅಪ್ಪ ನಾಲೆ ತಾವ್ಕೆ ಓಯ್ತದೆ. ಅಪ್ಪಂಗೆ ತೇಲಕ್ಕೆ ಬರಾಕಿಲ್ಲ. ಚಿಲಕ ಇನ್ನೂ ಮ್ಯಾಕ್ ಆಕ್ಸವ್ವಾ."