ಸರ್ಕ್ಯೂಟು ಬಂದ್ ಇತ್ತು

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷದವರೆಗೆ ನಾನೊಬ್ಬ ವಿದ್ಯಾವಂತನಾಗಿದ್ದೆ. ಬಿ.ಕಾಂ. ಮಾಡಿ ಮೂವತ್ತು ವರ್ಷ ಫೈಲು ತಿರುವಿದವನಿಗೆ ಎಲೆಕ್ಟ್ರಾನಿಕ್ಸ್ ಕಲಿಯುವ ಹುಚ್ಚು ಏಕೆ ಹಿಡಿಯಿತೆಂದರೆ, ನೆರೂಳಿನ ನಮ್ಮ ಮನೆಯಲ್ಲಿ ಬಚ್ಚಲಿನ ಮೇಲಿನ ನೀರಿನ ಟಾಕಿ ತುಂಬಿ ಹರಿದಾಗಲೆಲ್ಲ ನನ್ನ ಹೆಂಡತಿ ಸುಜಾತ ಕೂಗುತ್ತಿದ್ದಳು. ಆ ಕೂಗುವ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸೋಣವೆಂದು ಹೊಸಬರಿಗಾಗಿ ಬರೆದ ಇಂಗ್ಲಿಷ್ ಪುಸ್ತಕ ಕೊಂಡೆ. ನೌಪಾಡಾದ ಅಂಗಡಿಯವನು ರೆಸಿಸ್ಟರುಗಳನ್ನು ಏಲಕ್ಕಿಯಂತೆ ಪೊಟ್ಟಣ ಕಟ್ಟಿ ಕೊಡುತ್ತ, “ಮಗನ ಪ್ರಾಜೆಕ್ಟಾ, ಕಾಕಾ?” ಎಂದು ಮರಾಠಿಯಲ್ಲಿ ಕೇಳಿದ. ಹೌದೆಂದೆ. ನಮಗಿರುವವಳು ಒಬ್ಬಳೇ ಮಗಳು, ಅವಳಿಗೆ ಮದುವೆಯಾಗಿದೆ.

ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ. ಮೂರನೆಯ ಪಾಠದ ಅಂಚಿನಲ್ಲಿ ನಮ್ಮ ಕಡೆಯ ಮಾತಿನಲ್ಲಿ ಬರೆದುಕೊಂಡೆ: ‘ಓಪನ್ ಸರ್ಕ್ಯೂಟ್, ಅಂದರೆ ಖುಲ್ಲಾ, ಕರೆಂಟಿಲ್ಲ. ಕ್ಲೋಸ್ಡ್ ಸರ್ಕ್ಯೂಟ್, ಅಂದರೆ ಬಂದ್, ಕರೆಂಟಿದೆ.’ ಆಮೇಲೆ ಬ್ಯಾಟರಿಯ ಪಾಠಗಳನ್ನೆಲ್ಲ ಮಕ್ಕಳಾಟವೆಂದು ಹಾರಿಸಿ, ಸೀದಾ ಗೋಡೆಯ ಕರೆಂಟಿಗೆ ಬಂದೆ.

ಪ್ಲೈವುಡ್ ತುಂಡಿನ ಮೇಲೆ ಕಟ್ಟಿದ ನನ್ನ ಯಂತ್ರವನ್ನು ಬಚ್ಚಲಿನ ಬಾಗಿಲ ಮೇಲೆ ಕೂರಿಸಿ ಸ್ವಿಚ್ ಒತ್ತಿದೆ. ಅದರ ದೀಪ ಹತ್ತಲಿಲ್ಲ. ಕೆಳಗಿನ ಮನೆಯ ಶರಣಪ್ಪನನ್ನು ಕರೆದೆ. ಕಲಬುರಗಿಯವನು, ಕಾರ್ಖಾನೆಯಲ್ಲಿ ಫಿಟ್ಟರ್, ಎರಡು ಕೈಗಳನ್ನೇ ನಂಬಿದವನು. ಸ್ಟೂಲು ಹತ್ತಿ ಇಣುಕಿ, “ಸ್ಕ್ರೂ ಸಡಿಲ ಅದ್ರೀ ಸರ” ಎಂದು ಕೈ ಚಾಚಿದ. ಮುಟ್ಟುವ ಮೊದಲು ಕೇಳಿದ: “ಬಂದ್ ಅದ ಏನ್ರೀ?”

ನಾನು ಸ್ವಿಚ್ ನೋಡಿದೆ. ಒತ್ತಿದಂತೆಯೇ ಇತ್ತು. ಮೂರನೆಯ ಪಾಠ ಕಣ್ಣ ಮುಂದೆ ಬಂತು. “ಪೂರ್ತಿ ಬಂದ್ ಉಂಟು ಶರಣಪ್ಪ, ನಾನೇ ಮಾಡಿದ್ದು” ಎಂದೆ.

‘ಚಟ್’ ಎಂಬ ಸದ್ದು, ಒಂದು ನೀಲಿ ಬೆಳಕು. ಶರಣಪ್ಪ ಸ್ಟೂಲಿನ ಸಮೇತ ಬಟ್ಟೆಯ ಬುಟ್ಟಿಗೆ ಬಿದ್ದ. ಸುಜಾತ ಅಡುಗೆಮನೆಯಿಂದ ಓಡಿ ಬಂದು ಮೇನ್ ಸ್ವಿಚ್ ಆರಿಸಿದಳು. ನಾನು ಏನು ಮಾಡಿದೆ? ನಿಂತು ನೋಡಿದೆ.

“ಬಂದ್ ಅಂದ್ರಲ್ರೀ ಸರ!” ಎಂದ ಶರಣಪ್ಪ, ಬುಟ್ಟಿಯೊಳಗಿಂದಲೇ.

“ಬಂದೇ ಇತ್ತು ಮಾರಾಯ! ಬಂದ್ ಆದ್ರೆ ತಾನೇ ಕರೆಂಟು ಹರಿಯೋದು!”

ಅವನು ನನ್ನನ್ನು ಕನಿಕರದಿಂದ ನೋಡಿದ. “ಯಾವ ಊರಾಗ್ರೀ?”

“ಎಂತ ಮನುಷ್ಯರು ನೀವು! ಅವರ ಜೀವ ಹೋಗ್ತಿತ್ತಲ್ಲ!” ಎಂದು ಸುಜಾತ ಅಳತೊಡಗಿದಳು. ಟಾಕಿಗಾಗಿ ಕೂಗುವಾಗ ಇಲ್ಲದ ನಡುಕ ಆ ದನಿಯಲ್ಲಿತ್ತು.

ಡಾಕ್ಟರು ಶರಣಪ್ಪನ ಎದೆ ಪರೀಕ್ಷಿಸಿ, ಹೃದಯ ಸರಿಯಾಗಿದೆ ಎಂದರು. ಆದರೆ ಬಲಗೈಯ ಎರಡು ಬೆರಳು ಜೋಮು ಹಿಡಿದಿದ್ದವು. ಸ್ಪರ್ಶ ತಿರುಗಿ ಬರಬಹುದು, ಕೆಲವು ದಿನ ಕಾಯಿರಿ ಎಂದರು. ‘ಬರಬಹುದು’ ಎಂಬ ಮಾತಿನ ಜೊತೆ ನಾನು ಹತ್ತು ರಾತ್ರಿ ಹಾಸಿಗೆಯಲ್ಲಿ ಹೊರಳಿದೆ. ಕಣ್ಣು ಮುಚ್ಚಿದರೆ ‘ಚಟ್’. ಬೆರಳಿಗೆ ಸ್ಪರ್ಶವಿಲ್ಲದ ಫಿಟ್ಟರನ್ನು ಕಾರ್ಖಾನೆಯವರು ಎಷ್ಟು ದಿನ ಇಟ್ಟುಕೊಂಡಾರು? ಬೆಳಗಾದರೆ ಅವನ ಬಾಗಿಲು ತಟ್ಟಿ, “ಹೇಗುಂಟು?” ಎನ್ನುತ್ತಿದ್ದೆ. “ಹಂಗೇ ಅದ್ರೀ. ನೀವು ಒಳಗ ಬರ್ರಿ, ಆದ್ರ ಏನೂ ಮುಟ್ಟಬ್ಯಾಡ್ರಿ” ಎನ್ನುತ್ತಿದ್ದ.

ಹನ್ನೊಂದನೆಯ ದಿನ, ಬುಧವಾರ, ಸಂಜೆ ಅವನೇ ನಮ್ಮಲ್ಲಿಗೆ ಬಂದ. ಸುಜಾತ ಸ್ಟೀಲಿನ ಲೋಟದಲ್ಲಿ ಕುದಿಯುವ ಚಹಾ ಕೊಟ್ಟಳು. ಮಾತಾಡುತ್ತ ಬಲಗೈಯಲ್ಲೇ ಹಿಡಿದ ಶರಣಪ್ಪ, “ಅಯ್ಯಯ್ಯೋ, ಸುಡ್ತದ!” ಎಂದು ಚೀರಿ ಲೋಟ ಕೆಡವಿದ. ಚಹಾ ನನ್ನ ಪಂಚೆಯ ಮೇಲೆ ಚೆಲ್ಲಿತು.

“ಇನ್ನೊಮ್ಮೆ ಹೇಳು! ಎಲ್ಲಿ ಸುಟ್ಟಿತು? ಎರಡೂ ಬೆರಳಾ?” ಎಂದು ನಾನು ಕುಣಿದೆ. ಕೆಳಗಿನ ಮನೆಯ ಮನುಷ್ಯನ ಕೈ ಸುಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟವನು ನೆರೂಳಿನಲ್ಲಿ ಇನ್ನೊಬ್ಬನಿರಲಾರ. ನನ್ನ ತೊಡೆಯೂ ಸುಟ್ಟಿತ್ತೆಂಬುದು ಗೊತ್ತಾದದ್ದು ಮರುದಿನ, ಗುರುವಾರ ಬೆಳಿಗ್ಗೆ ಏಳೂವರೆಗೆ, ಒಂದು ಸಲವೂ ಎಚ್ಚರವಾಗದೆ ಮಲಗಿ ಎದ್ದ ಮೇಲೆ.