ಹಯಗ್ರೀವ ಮೇಷ್ಟರು ಆನೆ ನೋಡಿದ ಭಾನುವಾರ

ಹಯಗ್ರೀವ ಮೇಷ್ಟರು ಮಾಡಿದ ತಪ್ಪು ಇಷ್ಟೇ. ಶನಿವಾರದ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಒಂದು ಪಟ್ಟಿ ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಬೀರುವಿನೊಳಗೆ ಮಡಚಿಟ್ಟಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಪಟ್ಟಿಯ ತಲೆಬರಹ, 'ಈ ಜನ್ಮಕ್ಕೆ ಆಗಲಿಲ್ಲ, ಪರವಾಗಿಲ್ಲ'. ಕೆಳಗೆ ಐದು ಆಸೆಗಳು. ಒಂದು, ವೀಣೆ ಕಲಿಯುವುದು. ಎರಡು, ಹಡಗಿನಲ್ಲಿ ಹೋಗುವುದು. ಮೂರು, ಈಜುವುದು. ನಾಲ್ಕು, ಹಿಮ ಬೀಳುವುದನ್ನು ನೋಡುವುದು. ಐದು, ಕಾಡಾನೆ ನೋಡುವುದು. ಮೇಷ್ಟರಿಗೆ ಐವತ್ತೊಂಬತ್ತು ತುಂಬಿತ್ತು, ಬರುವ ಮೇ ತಿಂಗಳಿಗೆ ನಿವೃತ್ತಿ. ಇನ್ನೂ ಈ ಆಸೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಾಡುವುದು ಯಾಕೆ ಎಂದುಕೊಂಡು, ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಐದನ್ನೂ ಹೊಡೆದುಹಾಕಿದರು. ಮನಸ್ಸು ಹಗುರವಾಯಿತು. ಆಹಾ, ಎಷ್ಟು ಸುಲಭ ಎನ್ನಿಸಿ, ಎರಡನೇ ಲೋಟ ಕಾಫಿ ಕುಡಿದರು.

ಮೊದಲ ನಾಲ್ಕರ ಮಾತು ಬಿಡಿ, ಹೊಸೂರಿನಲ್ಲಿ ಯಾರ ತಲೆಯ ಮೇಲೂ ಹಿಮ ಬಿದ್ದಿಲ್ಲ. ನಾಚಿಕೆಯಾಗುತ್ತಿದ್ದುದು ಐದನೆಯದಕ್ಕೆ. ಮೇಷ್ಟರು ಮೂವತ್ತು ವರ್ಷದಿಂದ ಮೂರನೇ ಕ್ಲಾಸಿಗೆ 'ಆನೆ' ಪಾಠ ಮಾಡುತ್ತಿದ್ದರು. ಪ್ರತಿ ವರ್ಷವೂ ಯಾವುದಾದರೊಂದು ಮಗು ಎದ್ದು ನಿಂತು, "ಸಾ, ನೀವು ಕಾಡಾನೆ ನೋಡಿದ್ದೀರಾ?" ಎಂದು ಕೇಳುತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟರು "ಇಲ್ಲಪ್ಪ" ಎನ್ನುತ್ತಿದ್ದರು. "ನೋಡಿರೋರು ಕೈ ಎತ್ತಿ" ಎಂದರೆ ಸಾನಮಾವು ಕಾಡಿನ ಕಡೆಯಿಂದ ಬರುವ ಮಕ್ಕಳು ಎರಡೆರಡು ಕೈ, ಉಳಿದವು ಒಂದೊಂದು ಕೈ ಎತ್ತುತ್ತಿದ್ದವು. ಇಡೀ ಕೋಣೆಯಲ್ಲಿ ಕೈ ಕೆಳಗಿಟ್ಟವರು ಪಾಠ ಮಾಡುವವರು ಒಬ್ಬರೇ.

ಡೆಂಕಣಿಕೋಟೆಗೆ ವರ್ಗವಾಗಿ ಆರು ವರ್ಷ ಅಲ್ಲಿದ್ದರು. ಶಾಲೆಯ ಹಿಂದಿನ ರಾಗಿ ಹೊಲಕ್ಕೆ ಮೂರು ಸಲ ಆನೆ ಬಂತು. ಮೂರು ಸಲವೂ ಮೇಷ್ಟರು ರಜೆಯಲ್ಲಿದ್ದರು. ಒಮ್ಮೆ ಅವರಿದ್ದ ಬಸ್ಸನ್ನೇ ನಿಲ್ಲಿಸಿ ಹನ್ನೊಂದು ಆನೆಗಳು ರಸ್ತೆ ದಾಟಿದವು. ಮೇಷ್ಟರು ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು.

"ನಿಮಗೆ ನೋಡೋ ಯೋಗವೇ ಇಲ್ಲ ಬಿಡಿ" ಎಂದು ಅವರ ಹೆಂಡತಿ ವೆಂಕಟಲಕ್ಷ್ಮಿ ಎಂದೋ ತೀರ್ಪು ಕೊಟ್ಟಾಗಿತ್ತು. ಅವರು ಕೊಡುತ್ತಿದ್ದ ಸಾಕ್ಷಿ ತಿರುಪತಿಯದು. ಹದಿನಾಲ್ಕು ಗಂಟೆ ಸಾಲಿನಲ್ಲಿ ನಿಂತು ಸ್ವಾಮಿಯ ಎದುರಿಗೆ ಬಂದರೆ, ಮೇಷ್ಟರು ಭಕ್ತಿಯಿಂದ ಕೈ ಮುಗಿದು ಕಣ್ಣು ಮುಚ್ಚಿದರು. ತೆರೆದಾಗ ಕಂಡದ್ದು 'ಜರಗಂಡಿ' ಎಂದು ತಳ್ಳುತ್ತಿದ್ದವನ ಮುಖ. ಅಷ್ಟು ದೂರ ಹೋಗಿ ಸ್ವಾಮಿಯನ್ನು ನೋಡದೆ ಬಂದ ಮನುಷ್ಯ ಇವರೊಬ್ಬರೇ ಎಂದು ವೆಂಕಟಲಕ್ಷ್ಮಿ ಇಂದಿಗೂ ನೆಂಟರ ಮುಂದೆ ಹೇಳಿ ನಗುತ್ತಾರೆ.

ಭಾನುವಾರ ಬೆಳಗ್ಗೆ ಏಳಕ್ಕೆ ಪಕ್ಕದ ಮನೆಯ ಮುನಿರತ್ನಮ್ಮ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬಂದರು. ವೆಂಕಟಲಕ್ಷ್ಮಿ ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲೇ ಮುನಿರತ್ನಮ್ಮನ ಕಣ್ಣು ಪಟ್ಟಿಯ ಮೇಲೆ ಬಿತ್ತು. ಒಂದರಿಂದ ಐದರವರೆಗೆ ಓದಿದರು. ಕೆಂಪು ಗೀಟುಗಳನ್ನು ನೋಡಿದರು. ಮೊಸರಿನ ಬಟ್ಟಲು ಅಲ್ಲೇ ಇಟ್ಟರು.

"ಅಯ್ಯೋ ಶಿವನೇ! ಲಕ್ಷ್ಮಮ್ಮಾರೇ, ಮೇಷ್ಟ್ರು ಎಲ್ಲಾ ಆಸೆ ಬುಟ್ಬುಟ್ಟವ್ರಲ್ಲ! ಮನ್ಸ ಎಲ್ಲಾ ಬುಟ್ಬುಟ್ರೆ ಆಮೇಕೆ ಉಳ್ಕೊಳೋದೇನು?"

"ನೆಮ್ಮದಿ ಉಳ್ಕೊಳತ್ತೆ ಕಣಮ್ಮ" ಎಂದರು ಮೇಷ್ಟರು ಪೇಪರಿನ ಹಿಂದಿನಿಂದ.

"ಬ್ಯಾಡ ಸುಮ್ಕಿರಿ, ಇಂಗ್ ಮಾತಾಡೋದೇ ಸರಿಯಿಲ್ಲ" ಎಂದು ಮುನಿರತ್ನಮ್ಮ ಓಡಿದವರು, ಐದು ನಿಮಿಷದಲ್ಲಿ ಎದುರು ಮನೆಯ ಯತಿರಾಜರನ್ನು ಎಳೆದುಕೊಂಡು ಬಂದರು. ಯತಿರಾಜರು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಾಗಿದ್ದವರು. ರಿಟೈರಾಗಿ ಎರಡು ವರ್ಷವಾದರೂ ಹೊಸೂರಿನ ಆಲಸನತ್ತಂ ಬಡಾವಣೆಯ ಆ ಬೀದಿಯನ್ನು ತಮ್ಮ ಶಿಫ್ಟು ಎಂದೇ ತಿಳಿದಿದ್ದರು. ಕೈಯಲ್ಲಿ ಹಸಿರು ಸ್ಕೆಚ್ ಪೆನ್ ಹಿಡಿದು ಪಟ್ಟಿಯ ಮುಂದೆ ನಿಂತರು.

"ಮೇಷ್ಟ್ರೇ, ಪೆಂಡಿಂಗ್ ಇಟ್ಕೊಂಡು ರಿಟೈರ್ ಆಗಬಾರದು. ನಾನು ಬಿಡಲ್ಲ. ವೀಣೆ, ಟೈಮ್ ಹಿಡಿಯುತ್ತೆ. ಹಡಗು, ಹೊಸೂರಲ್ಲಿ ಸ್ಟಾಕಿಲ್ಲ. ಹಿಮಾನೂ ಅಷ್ಟೇ. ಈಜು, ಆಮೇಲೆ ನೋಡೋಣ. ಆನೆ ಲೋಕಲ್ ಐಟಂ. ಇವತ್ತೇ ಮುಗಿಸೋಣ."

"ಯತಿರಾಜ್, ನನಗೆ ಬೇಡ ಅಂತ ತಾನೆ ಹೊಡೆದುಹಾಕಿರೋದು?"

"ಬೇಡ ಅಂದೋರಿಗೆ ಆಸೆ ಜಾಸ್ತಿ" ಎಂದು ಯತಿರಾಜರು ಫೋನು ತೆಗೆದರು.

ಮೇಷ್ಟರ ಹಳೆಯ ಶಿಷ್ಯ ಚೆನ್ನಕೇಶವ ಸಾನಮಾವು ಕಾಡಿನಂಚಿನಲ್ಲಿ ರಾಗಿ, ಟೊಮ್ಯಾಟೊ ಬೆಳೆಯುವವನು. ಫೋನಿನಲ್ಲೇ ಕೂಗಿದ. "ಬನ್ನಿ ಸಾ! ನಮ್ ಕೆರೆತಾವ ಬೆಳಗಿಂದ ಐದು ನಿಂತವೆ. ನಿಮ್ಗೇಂತ್ಲೇ ನಿಂತಂಗವೆ!"

ಆ ಮಾತಿಗೆ ಮೇಷ್ಟರ ಎದೆಯಲ್ಲಿ ಏನೋ ಮಿಸುಕಿತು. ಪೇಪರು ಮಡಚಿಟ್ಟು, ಒಗೆದ ಬಿಳಿ ಪಂಚೆ ಉಟ್ಟುಕೊಂಡರು. ಯತಿರಾಜರ ವ್ಯಾನಿನಲ್ಲಿ ಮೇಷ್ಟರು, ವೆಂಕಟಲಕ್ಷ್ಮಿ, ಡಬ್ಬಿ ತುಂಬ ಚಿತ್ರಾನ್ನದೊಂದಿಗೆ ಮುನಿರತ್ನಮ್ಮ. ದಾರಿಯುದ್ದಕ್ಕೂ ಮೇಷ್ಟರು ಮನಸ್ಸಿನಲ್ಲೇ ಸೋಮವಾರದ ಕ್ಲಾಸು ತೆಗೆದುಕೊಂಡರು. 'ಸಾ, ನೀವು ಕಾಡಾನೆ ನೋಡಿದ್ದೀರಾ?' 'ನೋಡಿದ್ದೀನಪ್ಪ.' ಅಷ್ಟು ಹೇಳಿದರೆ ಸಾಕು, ಸಂತೋಷವಾಗಿ ನಿವೃತ್ತಿಯಾಗಬಹುದು.

ಕೆರೆಯ ಬಳಿ ತಲುಪಿದಾಗ ಚೆನ್ನಕೇಶವ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. "ಇದೀಗ ಹೋಗ್ಬುಟ್ವು ಸಾ. ಹತ್ತು ನಿಮಿಷ ಆಗಿಲ್ಲ."

"ಗೊತ್ತಿತ್ತು" ಎಂದರು ವೆಂಕಟಲಕ್ಷ್ಮಿ.

ಚೆನ್ನಕೇಶವ ಆನೆಗೆ ಬದಲಾಗಿ ಲದ್ದಿ ತೋರಿಸಿದ. ಯತಿರಾಜರು ಬಗ್ಗಿ ಪರೀಕ್ಷಿಸಿ, "ಮೇಷ್ಟ್ರೇ, ಇನ್ನೂ ಬಿಸಿ ಇದೆ, ಮುಟ್ಟಿ ನೋಡಿ" ಎಂದು ಒತ್ತಾಯ ಮಾಡಿದರು. ಮೇಷ್ಟರು ದೂರದಿಂದಲೇ ಒಪ್ಪಿಕೊಂಡರು. ಹೆಜ್ಜೆ ಹಿಡಿದು ಹೋಗೋಣ ಎಂದು ಎಲ್ಲರೂ ಟೊಮ್ಯಾಟೊ ತೋಟಕ್ಕೆ ಇಳಿದರು. ಆಗ ತಾನೆ ನೀರು ಹಾಯಿಸಿದ್ದ ಸಾಲಿನಲ್ಲಿ ಮೇಷ್ಟರು ಜಾರಿ ಕುಳಿತರು. ಎದ್ದು ಬೇಲಿ ದಾಟುವಾಗ ಪಂಚೆ ಮುಳ್ಳಿಗೆ ಸಿಕ್ಕಿ ಪರ್ರನೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಅಷ್ಟರಲ್ಲಿ ಕಾಡಿನೊಳಗೆ ಢಂ ಢಂ ಎಂದು ಪಟಾಕಿ ಸಿಡಿದವು. ಅರಣ್ಯ ಇಲಾಖೆಯ ಕಾವಲುಗಾರನೊಬ್ಬ ಏದುಸಿರು ಬಿಡುತ್ತ ಬಂದ.

"ಯಾರ್ ಸಾರ್ ನೀಂಗ? ಇಂಗ ನಿಕ್ಕಾದೀಂಗ, ಪೋಂಗ ಪೋಂಗ!" ಎಂದು ತಮಿಳಿನಲ್ಲಿ ಗದರಿದ. ಇಲ್ಲಿ ನಿಲ್ಲಬೇಡಿ, ಆನೆಗಳನ್ನು ಕಾಡಿನೊಳಕ್ಕೆ ಅಟ್ಟುತ್ತಿದ್ದಾರೆ, ಇವತ್ತು ಇನ್ನು ಈ ಕಡೆ ಬರುವುದಿಲ್ಲ ಎಂದ. ಮೇಷ್ಟರು ಹರಿದ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅವನಿಗೆ ನಮಸ್ಕಾರ ಮಾಡಿ, ಎಲ್ಲರೊಡನೆ ಚೆನ್ನಕೇಶವನ ಮನೆಯತ್ತ ತಿರುಗಿದರು.

ಚೆನ್ನಕೇಶವನ ತಾಯಿ ಅಂಜಿನಮ್ಮ ಮೇಷ್ಟರ ಅವತಾರ ನೋಡಿ, "ಅಯ್ಯಯ್ಯೋ, ನಮ್ ಮೇಷ್ಟ್ರಿಗೆ ಇಂಗಾಗ್ಬಾರ್ದಿತ್ತು" ಎಂದು ಮಗನ ನೀಲಿ ಚೌಕಳಿ ಲುಂಗಿ ತಂದುಕೊಟ್ಟರು. ಮನೆಯ ಮುಂದಿನ ಕಣದಲ್ಲಿ, ಕೊಯ್ದ ರಾಗಿಯ ಮೆದೆಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಮೇಷ್ಟರು ಲುಂಗಿ ಉಟ್ಟು ಕುಳಿತರು. ಎಳೆಬಿಸಿಲು ಬೆನ್ನಿಗೆ ಹಿತವಾಗಿತ್ತು. ಅಂಜಿನಮ್ಮ ಕೊಟ್ಟ ಬೇಯಿಸಿದ ಅವರೆಕಾಯಿ ರುಚಿಯಾಗಿತ್ತು. ಹೋಗಲಿ ಬಿಡು, ಹೊಡೆದುಹಾಕಿದ್ದೇ ಸರಿ ಎಂದು ಮೇಷ್ಟರು ನಿಜವಾಗಿಯೂ ಸಮಾಧಾನಪಟ್ಟುಕೊಂಡರು.

ಅಂಜಿನಮ್ಮ ಒಮ್ಮೆಲೇ ದನಿ ತಗ್ಗಿಸಿದರು.

"ಗಣೇಸಪ್ಪ ಬಂದವ್ನೆ. ಯಾರೂ ಅಲ್ಲಾಡ್ಬ್ಯಾಡಿ."

ಪಟಾಕಿಗೆ ಹಿಂಡು ಬಿಟ್ಟು ದಿಕ್ಕು ತಪ್ಪಿದ ಒಂಟಿ ಸಲಗ ಹಿತ್ತಲ ಬೇಲಿ ಸುತ್ತಿಕೊಂಡು ಸೀದಾ ಕಣಕ್ಕೇ ಬಂದಿತ್ತು. ಯತಿರಾಜರು ಯಾವಾಗ ಒಳಗೆ ಹೋಗಿ ಚಿಲಕ ಹಾಕಿಕೊಂಡರೋ ಯಾರಿಗೂ ತಿಳಿಯಲಿಲ್ಲ. ಮುನಿರತ್ನಮ್ಮ ಡಬ್ಬಿ ಸಮೇತ ಒರಳಿನ ಹಿಂದೆ ಕುಕ್ಕರಿಸಿದರು. ವೆಂಕಟಲಕ್ಷ್ಮಿ ಜಗಲಿಯ ಕಂಬ ತಬ್ಬಿಕೊಂಡರು. ಮೇಷ್ಟರು ಕಲ್ಲಿನಿಂದೆದ್ದು, ಸದ್ದು ಬಂದ ಕಡೆಗೆ ತಿರುಗುವುದರಲ್ಲಿದ್ದರು.

"ಕೈ ಮುಗೀರಿ ಮೇಷ್ಟ್ರೇ" ಎಂದು ಅಂಜಿನಮ್ಮ ಪಿಸುಗುಟ್ಟಿದರು. ಆ ಊರಿನ ಪದ್ಧತಿ ಅದು. ಮನೆಗೆ ಬಂದ ಆನೆಗೆ ಓಡದೆ, ಕೂಗದೆ, ಕೈ ಮುಗಿದು ನಿಲ್ಲಬೇಕು. "ಬಂದ ದಾರೀಲಿ ಹೋಗಪ್ಪಾ ನಮ್ಮಪ್ಪಾ, ಮಕ್ಳು ಮರೀನ ಕಾಪಾಡಪ್ಪಾ" ಎಂದು ತಾವೂ ಕೈ ಮುಗಿದು ಬೇಡಿಕೊಂಡರು.

ಹಯಗ್ರೀವ ಮೇಷ್ಟರು ಕೈ ಮುಗಿದರು. ಐದು ವರ್ಷದ ಮಗುವಾಗಿದ್ದಾಗಿನಿಂದ, ಎರಡು ಅಂಗೈ ಕೂಡಿದ ಕೂಡಲೇ ಅವರ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಈಗಲೂ ಮುಚ್ಚಿಕೊಂಡಿತು.

ನಾಲಿಗೆಗೆ ಸಹಸ್ರನಾಮ ತಾನಾಗಿ ಬಂತು. ಹಸಿ ಮಣ್ಣು, ಸೊಪ್ಪು, ದನದ ಕೊಟ್ಟಿಗೆ ಎಲ್ಲ ಸೇರಿದಂಥ ವಾಸನೆ ಮೂಗಿಗೆ ಬಡಿಯಿತು. ರಾಗಿಯ ಕಂತೆಯನ್ನು ಸರಕ್ಕನೆ ಎಳೆದ ಸದ್ದು, ಆಮೇಲೆ ನಿಧಾನವಾಗಿ ಅಗಿಯುವ ಸದ್ದು. ಬಿಸಿ ಉಸಿರೊಂದು ಅವರ ಬೋಳುತಲೆಯನ್ನು ಸವರಿತು. 'ತೆರೆ, ಹಯಗ್ರೀವಾ, ಕಣ್ಣು ತೆರೆ' ಎಂದು ಬುದ್ಧಿ ಹೇಳುತ್ತಿತ್ತು. ರೆಪ್ಪೆಗಳು ಕೇಳಲಿಲ್ಲ. ಹೆದರಿಕೆಯೋ ಭಕ್ತಿಯೋ ಅವರಿಗೇ ತಿಳಿಯಲಿಲ್ಲ. ಹೆಗಲ ಮೇಲಿದ್ದ ಟವೆಲು ಮೆಲ್ಲಗೆ ಜಾರಿ ಎಲ್ಲಿಗೋ ಹೋಯಿತು.

ಕಷ್ಟಪಟ್ಟು ಕಣ್ಣು ತೆರೆದಾಗ ಎದುರಿಗೆ ಅರ್ಧ ಕುಸಿದ ಮೆದೆ ಇತ್ತು. ಆಚೆ ಅವರೆ ಗಿಡಗಳು ಅಲ್ಲಾಡುತ್ತಿದ್ದವು. ಬಾಲ ಕೂಡ ಕಾಣಲಿಲ್ಲ.

"ಸಾ!" ಎಂದು ಚೆನ್ನಕೇಶವ ಓಡಿಬಂದು ಕಾಲಿಗೇ ಬಿದ್ದ. "ಒಂದ್ ಹೆಜ್ಜೆ ಹಿಂದಕ್ಕಿಕ್ಕಲಿಲ್ವಲ್ಲ ಸಾ ನೀವು! ನಾನು ಹುಟ್ಟಿದಾಗಿಂದ ಇಂಥ ಗುಂಡಿಗೆ ನೋಡಿಲ್ಲ."

ಕಿಟಕಿಯ ಸಂದಿಯಿಂದ ಯತಿರಾಜರು ಫೋಟೊ ತೆಗೆದಿದ್ದರು. ಚೌಕಳಿ ಲುಂಗಿಯುಟ್ಟ ಮೇಷ್ಟರು ಋಷಿಯಂತೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾರೆ, ಮೂರಡಿ ದೂರದಲ್ಲಿ ಆನೆ ಅವರ ಟವೆಲನ್ನು ಸೊಂಡಿಲಲ್ಲಿ ಎತ್ತುತ್ತಿದೆ.

ವ್ಯಾನು ಆಲಸನತ್ತಂ ತಲುಪುವ ಮೊದಲೇ ಫೋಟೊ ತಲುಪಿತ್ತು. ಗೇಟಿನ ಮುಂದೆ ಬೀದಿಯವರೆಲ್ಲ ಸೇರಿದ್ದರು. 'ಆನೆ ಎದುರಿಗೆ ಕಣ್ಣು ಮುಚ್ಚಬೇಕಾದ್ರೆ ಎಂಥ ಧೈರ್ಯ' ಎಂದು ಹೆಡ್‌ಮೇಷ್ಟರ ಮೆಸೇಜು ಬಂದಿತ್ತು. ಕೆಳಗೇ ಇನ್ನೊಂದು, 'ನಾಳೆ ಪ್ರಾರ್ಥನೆ ಹೊತ್ತಲ್ಲಿ ನೀವು ಕಂಡಿದ್ದನ್ನು ಎಲ್ಲಾ ಮಕ್ಕಳಿಗೂ ಹೇಳಬೇಕು'. ಯತಿರಾಜರು ಫ್ರಿಜ್ಜಿನ ಬಳಿ ಹೋಗಿ ಐದನೇ ಸಾಲಿನ ಪಕ್ಕ ಹಸಿರಿನಲ್ಲಿ ದೊಡ್ಡದಾಗಿ ರೈಟ್ ಹಾಕಿದರು.

"ದಂತ ಎಷ್ಟುದ್ದ ಇತ್ತು ಮೇಷ್ಟ್ರೇ?" ಎಂದು ಯಾರೋ ಕೇಳಿದರು.

ಮೇಷ್ಟರು ಬೆವರಿದರು. ಎರಡೂ ಕೈ ಮುಂದೆ ಚಾಚಿ, "ಎರಡೂ ಇಷ್ಟಿಷ್ಟು..." ಎನ್ನುವಷ್ಟರಲ್ಲಿ ವೆಂಕಟಲಕ್ಷ್ಮಿ ಅಡ್ಡ ಬಂದರು.

"ಒಂದೇ ದಂತ. ಇನ್ನೊಂದು ಮುರಿದಿತ್ತು. ಇವರು ಸುಸ್ತಾಗಿದಾರೆ, ನಾಳೆ ಬನ್ನಿ ಎಲ್ಲರೂ."

ಬಾಗಿಲು ಹಾಕಿ ಬಂದು ಗಂಡನ ಮುಖವನ್ನೇ ನೋಡಿದರು.

"ತಿರುಪತೀಲಿ ಆದ ಹಾಗೇ ಆಯ್ತಾ?"

ಮೇಷ್ಟರು ತಲೆ ತಗ್ಗಿಸಿದರು. ವೆಂಕಟಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆ ನಗು ನೋಡಿ ಮೇಷ್ಟರಿಗೂ ನಗು ಬಂತು.

"ಹೇಗಿತ್ತು, ಹೇಳೇ."

"ಎಡಗಡೆ ಕಿವಿ ಹರಿದಿತ್ತು. ಮೈಯೆಲ್ಲ ಕೆಂಪು ಮಣ್ಣು. ಕಣ್ಣು ಇಷ್ಟೇ ಇಷ್ಟು ಚಿಕ್ಕದು ರೀ. ಅದು ಮಾತ್ರ ನಿಮ್ಮನ್ನ ಚೆನ್ನಾಗಿ ನೋಡ್ತು."

ಮೇಷ್ಟರು ಪಾಠದ ಟಿಪ್ಪಣಿ ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡರು. ನಿನ್ನೆ ನೆಮ್ಮದಿಯಾಗಿ ಹೊಡೆದುಹಾಕಿದ್ದ ಆಸೆ ಈಗ ಎದ್ದು ಕೂತಿತ್ತು. ತಡೆಯಲಾರದೆ ಚೆನ್ನಕೇಶವನಿಗೆ ಫೋನು ಮಾಡಿ, ಇನ್ನೊಮ್ಮೆ ಯಾವಾಗಾದರೂ ಆನೆ ಬಂದರೆ ತಿಳಿಸಪ್ಪ ಎಂದರು.

"ನಿಮ್ಗಿನ್ಯಾಕೆ ಸಾ? ನೀವು ನೋಡಿದಂಗೆ ಈ ತಾಲ್ಲೂಕಲ್ಲೇ ಯಾರೂ ನೋಡಿಲ್ಲ" ಎಂದು ಚೆನ್ನಕೇಶವ ನಕ್ಕ.

ಮೇಷ್ಟರು ಭಾನುವಾರದ ಹಾಳೆ ಹರಿದು, ಅದರ ಹಿಂಬದಿಯಲ್ಲಿ 'ಕಾಡಾನೆ' ಎಂದು ಒಂದೇ ಸಾಲು ಬರೆದರು. ಈ ಸಲ ಬುದ್ಧಿ ಬಂದಿತ್ತು. ಅದನ್ನು ಸಹಸ್ರನಾಮದ ಪುಸ್ತಕದೊಳಗೆ ಬಚ್ಚಿಡುವಾಗ ಹೊರಗೆ ಗೇಟು ಕಿರುಗುಟ್ಟಿತು.

ಯತಿರಾಜರು ನಿಂತಿದ್ದರು. ಹೆಗಲಲ್ಲಿ ಗಾಳಿ ತುಂಬಿದ ಲಾರಿ ಟ್ಯೂಬು, ಕೈಯಲ್ಲಿ ಹಸಿರು ಪೆನ್ನು.

"ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ರೆಡಿಯಾಗಿರಿ ಮೇಷ್ಟ್ರೇ. ಮೂರನೇ ನಂಬರು. ಈಜು. ಆನೆಗೇ ಹೆದರದೋರಿಗೆ ನೀರು ಯಾವ ಲೆಕ್ಕ?"

ಬೇಡಪ್ಪಾ ಬಿಟ್ಟುಬಿಡು ಎಂದು ಬೇಡಿಕೊಳ್ಳಲು ಹಯಗ್ರೀವ ಮೇಷ್ಟರು ಎರಡೂ ಕೈ ಜೋಡಿಸಿದರು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ತೆರೆದಾಗ ಯತಿರಾಜರು ಹೊರಟುಹೋಗಿದ್ದರು, ಟ್ಯೂಬು ಬಾಗಿಲಲ್ಲಿತ್ತು.